ಪ್ರವಾದನೆಯನ್ನೂ ಮೆಸ್ಸೀಯನನ್ನೂ ಕ್ರೈಸ್ತರು ಬೆಸೆಯುವ ಬಗೆ: ಓದುಗರಿಗೊಂದು ಮಾರ್ಗದರ್ಶಿ

ಮತ್ತಾಯನ ಸುವಾರ್ತೆಯನ್ನು ಓದತೊಡಗಿದರೆ ಮೊದಲೆರಡು ಅಧ್ಯಾಯಗಳಲ್ಲಿಯೇ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಪ್ರವಾದಿಯ ಮೂಲಕ ಹೇಳಿಸಿದ್ದು ನೆರವೇರುವಂತೆ ಇದಾಯಿತು. ಈ ‘ನೆರವೇರುವುದು’ ಎಂದರೇನು ಎಂದು ಅರಿಯಬೇಕಾದರೆ ಸುವಾರ್ತೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದು ಉದ್ಧರಿಸಿದ ಪ್ರವಾದಿಯ ಗ್ರಂಥವನ್ನೇ ಮೊದಲು ತೆರೆಯಬೇಕು. ಉದ್ಧರಿಸಿದ ಒಂದು ವಚನವಷ್ಟೇ ಸಾಲದು, ಅದಿರುವ ಅಧ್ಯಾಯವನ್ನು ಪೂರ್ತಿ ಓದಬೇಕು.

ಅದಕ್ಕೂ ಮೊದಲು ‘ಮೆಸ್ಸೀಯ’ ಎಂಬ ಪದವನ್ನು ಸರಿಯಾಗಿ ಹಿಡಿಯಿರಿ. ಹೀಬ್ರೂ ಭಾಷೆಯಲ್ಲಿ ಅದರ ಅರ್ಥ ‘ಅಭಿಷಿಕ್ತ’. ಅದರ ಗ್ರೀಕ್ ರೂಪವೇ ‘ಕ್ರಿಸ್ತ’. ಯೆಹೂದ್ಯರ ಧರ್ಮಗ್ರಂಥದಲ್ಲಿ ತೈಲಾಭಿಷೇಕ ಪಡೆದ ಅರಸರಿಗೂ ಯಾಜಕರಿಗೂ ಈ ಪದ ಸಲ್ಲುತ್ತದೆ. ಪ್ರವಾದಿ ಯೆಶಾಯನ ಗ್ರಂಥದ 45:1 (45ನೇ ಅಧ್ಯಾಯ, 1ನೇ ವಚನ) ಪರ್ಷಿಯಾದ ಅರಸ ಕೋರೆಷನನ್ನೂ (ಸೈರಸ್) ಹೀಗೆಯೇ ಕರೆಯುತ್ತದೆ. ದಾವೀದನ ಸಿಂಹಾಸನ ಶಾಶ್ವತವಾಗಿ ನಿಲ್ಲುವುದೆಂಬ ವಾಗ್ದಾನ 2 ಸಮುವೇಲ 7ರಲ್ಲಿದೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನವರು ಯೆರೂಸಲೇಮನ್ನು ಕೆಡವಿ ಆ ಸಿಂಹಾಸನ ಬರಿದಾದ ಮೇಲೆ, ದಾವೀದನ ವಂಶದಿಂದ ಮುಂದೆ ಬರಲಿರುವ ಒಬ್ಬ ಅರಸನ ನಿರೀಕ್ಷೆ ಬಲಗೊಂಡಿತು. ಯೇಸುವಿನ ಕಾಲದ ಅನೇಕ ಯೆಹೂದ್ಯರು ಈ ನಿರೀಕ್ಷೆಯಲ್ಲಿಯೇ ಬೆಳೆದವರು.

ಈಗ ಯೆಶಾಯ 7ನ್ನು ತೆಗೆದುಕೊಳ್ಳಿ. ಸಿರಿಯದ ಅರಸನೂ ಉತ್ತರ ಇಸ್ರಾಯೇಲಿನ ಅರಸನೂ ಕೂಡಿ ಯೆರೂಸಲೇಮಿನ ಮೇಲೆ ಬಂದಾಗ, ಅಂದರೆ ಕ್ರಿ.ಪೂ. 734ರ ಸುಮಾರಿಗೆ, ನಡುಗುತ್ತಿದ್ದ ಯೆಹೂದದ ಅರಸ ಆಹಾಜನಿಗೆ ಪ್ರವಾದಿಯು ಒಂದು ಗುರುತನ್ನು ಕೊಡುತ್ತಾನೆ: ಒಂದು ಮಗು ಹುಟ್ಟುವುದು, ಅದಕ್ಕೆ ಇಮ್ಮಾನುವೇಲನೆಂಬ ಹೆಸರಾಗುವುದು, ಆ ಮಗು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಿ ತಿಳಿಯುವಷ್ಟರಲ್ಲಿ ಆ ಇಬ್ಬರು ಅರಸರ ನಾಡು ಹಾಳಾಗುವುದು. ಹೀಬ್ರೂ ಪಾಠದಲ್ಲಿ ತಾಯಿಯನ್ನು ಸೂಚಿಸುವ ಪದ ‘ಅಲ್ಮಾ’, ಅಂದರೆ ಯುವತಿ. ಯೇಸುವಿಗಿಂತ ಮುಂಚೆಯೇ ಆಗಿದ್ದ ಗ್ರೀಕ್ ಅನುವಾದವು ಅದಕ್ಕೆ ಕನ್ಯೆ ಎಂಬ ಅರ್ಥದ ‘ಪಾರ್ಥೆನೋಸ್’ ಪದವನ್ನು ಬಳಸಿತು. ಯೇಸುವಿನ ಜನನವನ್ನು ಹೇಳುತ್ತ ಈ ವಚನವನ್ನು ಉದ್ಧರಿಸುವಾಗ ಮತ್ತಾಯನು ಈ ಪದವನ್ನೇ ಉಳಿಸಿಕೊಂಡನು. ಗುರುತು ಆಹಾಜನಿಗಾಗಿ ಕೊಟ್ಟದ್ದಾದ್ದರಿಂದ ಅದು ಆಹಾಜನ ಕಾಲದಲ್ಲೇ ಮುಗಿಯಿತು ಎಂಬುದು ಯೆಹೂದ್ಯರ ವಾದ. ಮಾತು ನೇರವಾಗಿ ಕ್ರಿಸ್ತನನ್ನೇ ಕುರಿತದ್ದು ಎನ್ನುವ ಕ್ರೈಸ್ತರಿದ್ದಾರೆ. ಆಹಾಜನ ಕಾಲದಲ್ಲಿ ಒಮ್ಮೆ ಫಲಿಸಿ, ಮರಿಯಳ ಮಗನಲ್ಲಿ ಪೂರ್ಣಗೊಂಡಿತು ಎನ್ನುವವರೂ ಇದ್ದಾರೆ. ನನಗೆ ಈ ಕೊನೆಯ ಓದೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ಅದು ಆಹಾಜನನ್ನು ಅಳಿಸಿಹಾಕುವುದಿಲ್ಲ.

‘ನೆರವೇರುವುದು’ ಎಂದರೆ ಭವಿಷ್ಯವಾಣಿ ನಿಜವಾಗುವುದು ಎಂದಷ್ಟೇ ತಿಳಿದಿದ್ದರೆ ಹೋಶೇಯ 11:1ನ್ನು ನೋಡಿ. ಐಗುಪ್ತದಿಂದ ನನ್ನ ಮಗನನ್ನು ಕರೆದೆನು ಎಂಬ ಆ ಮಾತು ಮುಂದಾಗುವುದನ್ನು ಹೇಳುವುದೇ ಇಲ್ಲ. ಇಸ್ರಾಯೇಲ್ ಜನಾಂಗವು ದಾಸತ್ವದಿಂದ ಹೊರಬಂದ ಹಳೆಯ ಘಟನೆಯನ್ನು ಅದು ನೆನೆಯುತ್ತದೆ. ಮತ್ತಾಯನು ಅದನ್ನೇ ಐಗುಪ್ತದಲ್ಲಿ ಆಶ್ರಯ ಪಡೆದ ಶಿಶು ಯೇಸುವಿಗೆ ಅನ್ವಯಿಸುವಾಗ, ಇಸ್ರಾಯೇಲಿನ ಕಥೆಯೆಲ್ಲವೂ ಈ ಒಬ್ಬನಲ್ಲಿ ಮರಳಿ ನಡೆಯುತ್ತಿದೆ ಎನ್ನುತ್ತಿದ್ದಾನೆ. ಇದನ್ನು ಮಾದರಿಯ ಓದು ಎನ್ನಬಹುದು. ಇದನ್ನು ಗುರುತಿಸಲು ಕಲಿತರೆ ಸುವಾರ್ತೆಗಳ ಅನೇಕ ಉದ್ಧರಣೆಗಳು ಸ್ಪಷ್ಟವಾಗುತ್ತವೆ.

ಅತ್ಯಂತ ನಿಧಾನವಾಗಿ ಓದಬೇಕಾದ ಭಾಗ ಯೆಶಾಯ 52:13ರಿಂದ 53:12ರವರೆಗಿನದು. ಅನ್ಯರ ಅಪರಾಧಗಳಿಗಾಗಿ ಗಾಯಗೊಂಡು, ವಧೆಗೆ ಒಯ್ಯುವ ಕುರಿಯಂತೆ ಬಾಯಿ ತೆರೆಯದ ಆ ದೇವರ ಸೇವಕನು ಯಾರು? ಅಪೊಸ್ತಲರ ಕೃತ್ಯಗಳು 8ರಲ್ಲಿ, ಗಾಜಕ್ಕೆ ಹೋಗುವ ದಾರಿಯಲ್ಲಿ ಇಥಿಯೋಪ್ಯದ ಅಧಿಕಾರಿಯೊಬ್ಬನು ಯೇಸುವಿನ ಅನುಯಾಯಿ ಫಿಲಿಪ್ಪನನ್ನು ಕೇಳುವುದು ಇದನ್ನೇ: ಪ್ರವಾದಿ ಹೇಳುತ್ತಿರುವುದು ತನ್ನ ವಿಷಯವನ್ನೋ, ಮತ್ತೊಬ್ಬನ ವಿಷಯವನ್ನೋ? ಫಿಲಿಪ್ಪನು ಆ ವಚನದಿಂದಲೇ ಆರಂಭಿಸಿ ಯೇಸುವನ್ನು ಸಾರುತ್ತಾನೆ. 1105ರಲ್ಲಿ ತೀರಿಕೊಂಡ ಯೆಹೂದಿ ವ್ಯಾಖ್ಯಾನಕಾರ ರಾಶಿಯಾದರೋ ಆ ಸೇವಕನನ್ನು ಇಸ್ರಾಯೇಲ್ ಜನಾಂಗವೆಂದು ಓದಿದರು. ಯೆಶಾಯ 49:3 ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುವುದರಿಂದ ಆ ಓದಿಗೂ ಗಟ್ಟಿಯಾದ ಆಧಾರವಿದೆ. ಈ ಅಧ್ಯಾಯವನ್ನು ಕ್ರೈಸ್ತರು ಆಮೇಲೆ ಬರೆದು ಸೇರಿಸಿರಬಹುದೆಂಬ ಸಂದೇಹಕ್ಕೆ ಮಾತ್ರ ಎಡೆಯಿಲ್ಲ: 1947ರಲ್ಲಿ ಮೃತ ಸಮುದ್ರದ ಬಳಿಯ ಕುಮ್ರಾನಿನ ಗುಹೆಯಲ್ಲಿ ದೊರೆತ ಯೆಶಾಯನ ಸುರುಳಿ ಕ್ರಿಸ್ತಪೂರ್ವದ್ದು, ಅದರಲ್ಲಿ ಈ ಅಧ್ಯಾಯವೂ ಇದೆ.

ಇಲ್ಲಿ ಓದಿನ ದಿಕ್ಕನ್ನು ಗಮನಿಸಿ. ಶಿಷ್ಯರು ಪ್ರವಾದನೆಗಳನ್ನು ಪಟ್ಟಿಮಾಡಿಕೊಂಡು ಅದಕ್ಕೆ ಹೊಂದುವ ಒಬ್ಬನನ್ನು ಹುಡುಕಿದವರಲ್ಲ. ಶಿಲುಬೆಗೇರಿದ ಮೆಸ್ಸೀಯನನ್ನು ಅವರು ನಿರೀಕ್ಷಿಸಿರಲೇ ಇಲ್ಲ. ಯೇಸು ಸತ್ತವರೊಳಗಿಂದ ಎದ್ದನೆಂದು ನಂಬಿದ ಮೇಲೆಯೇ ಅವರು ಹಳೆಯ ಗ್ರಂಥಗಳಿಗೆ ಹಿಂದಿರುಗಿದರು. ಲೂಕ 24ರಲ್ಲಿ ಎಮ್ಮಾಹುವಿನ ದಾರಿಯಲ್ಲಿ ಯೇಸುವೇ ಮೋಶೆಯಿಂದ ತೊಡಗಿ ಎಲ್ಲ ಪ್ರವಾದಿಗಳ ಮಾತುಗಳನ್ನು ಬಿಡಿಸಿ ಹೇಳುವುದು ಈ ಕಾರಣದಿಂದಲೇ ಕ್ರೈಸ್ತರಿಗೆ ಅಷ್ಟು ಪ್ರಿಯವಾದ ಪ್ರಸಂಗ.

ಕೊನೆಗೆ ಲೂಕ 4ನ್ನು ಯೆಶಾಯ 61ರ ಪಕ್ಕದಲ್ಲಿಟ್ಟುಕೊಂಡು ಓದಿ. ನಜರೇತಿನ ಸಭಾಮಂದಿರದಲ್ಲಿ ಯೇಸು ಶುಭವರ್ಷದ ಮಾತಿನವರೆಗೆ ಓದಿ ಸುರುಳಿಯನ್ನು ಮುಚ್ಚುತ್ತಾನೆ; ಅದೇ ವಾಕ್ಯದಲ್ಲಿ ಮುಂದಿರುವ ದೇವರ ಮುಯ್ಯಿಯ ದಿನವನ್ನು ಓದುವುದಿಲ್ಲ. ಕತ್ತಿಗಳು ನೇಗಿಲಿನ ಗುಳಗಳಾಗುವ ಯೆಶಾಯ 2:4ರ ಶಾಂತಿ ಇನ್ನೂ ಬಂದಿಲ್ಲವಲ್ಲ, ಹಾಗಿದ್ದ ಮೇಲೆ ಮೆಸ್ಸೀಯನು ಬಂದನೆನ್ನುವುದು ಹೇಗೆ ಎಂದು ಯೆಹೂದ್ಯರು ಕೇಳುವಾಗ, ಕ್ರೈಸ್ತರು ಉತ್ತರವನ್ನು ಕಾಣುವುದು ಹೀಗೆ ನಡುವೆಯೇ ನಿಂತ ಓದಿನಲ್ಲಿ: ಮೊದಲರ್ಧ ಆತನ ಮೊದಲ ಬರೋಣಕ್ಕೆ, ಉಳಿದದ್ದು ಅವರು ಇಂದಿಗೂ ಎದುರುನೋಡುತ್ತಿರುವ ಎರಡನೆಯ ಬರೋಣಕ್ಕೆ.