ಬಿಳಿ ಚುಕ್ಕೆಯೆಲ್ಲ ಕೀಟವಲ್ಲ: ಸಕ್ಯುಲೆಂಟ್ ಗಿಡಗಳ ಕೀಟ ಪತ್ತೆ ಮತ್ತು ಹತೋಟಿ

ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡದ ಎಲೆಯ ಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ ಔಷಧಿ ಬಾಟಲಿಗೆ ಕೈ ಹಾಕುವವರು ಬಹಳ ಮಂದಿ. ಆ ಅವಸರದಲ್ಲಿ ಕೀಟ ಮಾಡುವ ಹಾನಿಗಿಂತ ಔಷಧಿಯ ಹಾನಿಯೇ ಹೆಚ್ಚಾಗುವುದುಂಟು. ಈ ಗಿಡಗಳ ದಪ್ಪ ಎಲೆಗಳ ಮೇಲೆ ಮೇಣದ ತೆಳುವಾದ ಹೊದಿಕೆಯಿರುತ್ತದೆ. ಎಣ್ಣೆ, ಸೋಪು, ಸ್ಪಿರಿಟ್ ತಾಗಿದರೆ ಅದು ಅಳಿಸಿಹೋಗುತ್ತದೆ. ಬಲಿತ ಎಲೆಯಲ್ಲಿ ಮತ್ತೆ ಮೊದಲಿನಂತೆ ಮೂಡುವುದಿಲ್ಲ. ಆದ್ದರಿಂದ ಮೊದಲು ಗುರುತು ಹಿಡಿಯಬೇಕು, ಮದ್ದು ಆಮೇಲೆ.

ಕೀಟವಲ್ಲದ್ದನ್ನು ಬದಿಗಿಡಿ

ಜೇಡ್ ಗಿಡದ ಎಲೆಗಳ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಕಾಣಿಸಿದರೆ ಗಾಬರಿ ಬೇಡ. ಹೆಚ್ಚಾದ ನೀರನ್ನು ಗಿಡ ಎಲೆಯ ಸೂಕ್ಷ್ಮ ರಂಧ್ರಗಳಿಂದ ಹೊರಹಾಕುತ್ತದೆ. ನೀರು ಆರಿದ ಮೇಲೆ ಅದರಲ್ಲಿದ್ದ ಲವಣ ಅಲ್ಲೇ ಉಳಿದು ಬಿಳಿಯಾಗಿ ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಗುಲಾಬಿ ಹೂವಿನಂತೆ ಎಲೆಗಳು ಸುತ್ತಿಕೊಂಡಿರುವ ಎಚೆವೇರಿಯಾ ಗಿಡದ ಎಲೆಗಳನ್ನು ಸಮನಾಗಿ ಮುಚ್ಚಿರುವ ಬೂದುಬಿಳಿ ಪುಡಿ ಬಿಸಿಲಿನಿಂದ ಕಾಪಾಡುವ ಆ ಮೇಣವೇ, ಅದನ್ನು ಒರೆಸಬಾರದು. ಕಳ್ಳಿಯ ಮುಳ್ಳುಗಳ ಬುಡದಲ್ಲಿರುವ ಉಣ್ಣೆಯಂಥ ಗುಚ್ಛವೂ ಗಿಡದ್ದೇ. ಅದು ಸಾಲುಸಾಲಾಗಿ, ಒಂದೇ ಅಂತರದಲ್ಲಿರುತ್ತದೆ. ಕೀಟಕ್ಕೆ ಅಂಥ ಶಿಸ್ತಿಲ್ಲ.

ಕಂದು ಬಣ್ಣದ ವಿಷಯದಲ್ಲೂ ಗೊಂದಲ ಸಹಜ. ಹಳೆಯ ಕಳ್ಳಿಯ ಬುಡ ಗಟ್ಟಿಯಾಗಿ ಕಂದಾಗುತ್ತಾ ನಿಧಾನವಾಗಿ ಮೇಲೇರಿದರೆ ಅದು ವಯಸ್ಸಿನ ಲಕ್ಷಣ. ಹಾಗಲ್ಲದೆ ತುದಿಯ ಎಳೆಯ ಭಾಗವೇ ತುಕ್ಕು ಹಿಡಿದಂತೆ ಕಂದಾಗಿದ್ದರೆ ನುಸಿಯನ್ನು ಶಂಕಿಸಿ.

ಎಲ್ಲಿ ಹುಡುಕಬೇಕು?

ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೂ ಸಾಕು. ಎಲೆ ಕಾಂಡಕ್ಕೆ ಸೇರುವ ಸಂದು, ಎಲೆಯ ಅಡಿಭಾಗ, ಹೂದಂಟು, ಒಣಗಿ ಬುಡದಲ್ಲಿ ಕೂತ ಹಳೆಯ ಎಲೆಗಳ ಒಳಗೆ ನೋಡಿ. ಕುಂಡದ ಮೇಲೆ ಇರುವೆಗಳ ಸಾಲು ಹತ್ತುತ್ತಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ರಸ ಹೀರುವ ಕೀಟಗಳು ಸಿಹಿಯಾದ ಅಂಟನ್ನು ವಿಸರ್ಜಿಸುತ್ತವೆ. ಇರುವೆಗಳು ಅದಕ್ಕಾಗಿಯೇ ಬರುತ್ತವೆ, ಬಂದು ಆ ಕೀಟಗಳನ್ನು ಶತ್ರುಗಳಿಂದ ಕಾಯುತ್ತವೆ. ಅದೇ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆಯುತ್ತದೆ.

ಅನುಮಾನ ಬಂದ ಗಿಡವನ್ನು ಆ ಕ್ಷಣವೇ ಉಳಿದವುಗಳಿಂದ ದೂರ ಇಡಿ.

ಹಿಟ್ಟು ತಿಗಣೆ

ಸಕ್ಯುಲೆಂಟ್‌ಗಳ ದೊಡ್ಡ ಶತ್ರು ಇದೇ. ಎಲೆಯ ಸಂದಿಯಲ್ಲಿ ಹತ್ತಿಯ ಎಳೆಗಳಂತೆ ಕಾಣುತ್ತದೆ. ಹಲ್ಲುಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆ ಮೆತ್ತನೆಯ, ಅಂಡಾಕಾರದ ಹುಳು ಇರುತ್ತದೆ. ಹೆಣ್ಣು ಆ ಹತ್ತಿಯ ಚೀಲದೊಳಗೆ ನೂರಾರು ಮೊಟ್ಟೆ ಇಡುತ್ತದೆ. ಮೈಗೆ ಮೇಣದ ಹೊದಿಕೆ ಇರುವುದರಿಂದ ಬರಿಯ ನೀರು ಸಿಂಪಡಿಸಿದರೆ ಜಾರಿಹೋಗುತ್ತದೆ. ಚಪ್ಪಟೆ ಪಾಪಾಸುಕಳ್ಳಿಯ ಮೇಲಿನ ಬಿಳಿ ಗಂಟನ್ನು ಹಿಸುಕಿದಾಗ ಕಡುಗೆಂಪು ರಸ ಬಂದರೆ ಅದು ಬಣ್ಣ ತೆಗೆಯಲು ಹೆಸರಾದ ಕೊಚಿನಿಯಲ್ ಕೀಟ. ಚಿಕಿತ್ಸೆ ಬಹುಮಟ್ಟಿಗೆ ಒಂದೇ.

ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಕೀಟದ ಮೇಲೆಯೇ ಒತ್ತಿ. ಮೇಣ ಕರಗಿ ಕೀಟ ಸಾಯುತ್ತದೆ. ಗಿಡಕ್ಕೆಲ್ಲ ಸಿಂಪಡಿಸುವುದಕ್ಕಿಂತ ಹೀಗೆ ಒಂದೊಂದಾಗಿ ಮುಟ್ಟಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಬೇಗ ಹೊತ್ತಿಕೊಳ್ಳುವ ದ್ರವ. ಒಲೆ, ದೀಪದ ಬಳಿ ಬಳಸಬಾರದು, ಕಿಟಕಿ ತೆರೆದಿರಲಿ. ಆಮೇಲೆ ಕೆಲವು ದಿನ ಗಿಡವನ್ನು ನೆರಳಿನಲ್ಲಿಡಿ.

ಹೆಚ್ಚಿನವರು ಸೋಲುವುದು ಇದರ ನಂತರ. ಕಣ್ಣಿಗೆ ಕಂಡ ಕೀಟ ಸತ್ತಿತೆಂದು ಸುಮ್ಮನಾಗುತ್ತಾರೆ. ಆದರೆ ಮೊಟ್ಟೆಗಳು ಸಂದಿಯಲ್ಲಿ ಉಳಿದಿರುತ್ತವೆ. ಒಡೆದು ಬಂದ ಮರಿಗಳು ಬಹಳ ಚಿಕ್ಕವು, ಹರಿದಾಡಿ ಪಕ್ಕದ ಕುಂಡಕ್ಕೂ ಹೋಗುತ್ತವೆ. 7ರಿಂದ 10 ದಿನಗಳಿಗೊಮ್ಮೆ, ಕನಿಷ್ಠ ಮೂರು ನಾಲ್ಕು ಬಾರಿ ಇದೇ ಕೆಲಸ ಮಾಡಿ. ಒಂದೂ ಕೀಟ ಕಾಣದ ದಿನವೂ ಮಾಡಿ.

ಬೇರಿನ ತಿಗಣೆ

ನೀರು, ಬೆಳಕು ಎಲ್ಲ ಸರಿಯಿದ್ದೂ ಗಿಡ ಸೊರಗುತ್ತಿದ್ದರೆ ಕುಂಡದಿಂದ ಎತ್ತಿ ನೋಡಿ. ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಬಿಳಿ ಪುಡಿಯಂಥ ಮಚ್ಚೆಗಳಿದ್ದರೆ ಬೇರಿನ ಹಿಟ್ಟು ತಿಗಣೆ ಸೇರಿದೆ ಎಂದರ್ಥ. ಮಣ್ಣನ್ನೆಲ್ಲ ಉದುರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಬೇರನ್ನು ಹರಿಯುವ ನೀರಿನಲ್ಲಿ ತೊಳೆದು, ಕೆಟ್ಟ ಬೇರುಗಳನ್ನು ಕತ್ತರಿಸಿ, ಕೆಲವು ದಿನ ನೆರಳಲ್ಲಿ ಒಣಗಲು ಬಿಡಿ. ಕುಂಡವನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಉಜ್ಜಿ ತೊಳೆದ ಮೇಲೆ ಹೊಸ ಮಣ್ಣಿನಲ್ಲಿ ನೆಡಿ.

ಶಲ್ಕ ಕೀಟ, ಹೇನು, ನುಸಿ

ಶಲ್ಕ ಕೀಟ ಅಲುಗಾಡದೆ ಕಾಂಡಕ್ಕೆ ಅಂಟಿದ ಕಂದು ಗುಬುಟಿನಂತಿರುತ್ತದೆ. ಉಗುರಿನಿಂದ ಒತ್ತಿದರೆ ಕಳಚಿ ಬಂದರೆ ಕೀಟ. ಬಾರದಿದ್ದರೆ ಗಾಯದ ಗುರುತು. ಕೆರೆದು ತೆಗೆದು ಆ ಜಾಗಕ್ಕೆ ಆಲ್ಕೋಹಾಲ್ ಹಚ್ಚಿ. ಹೇನುಗಳು (ಗಿಡದ ರಸ ಹೀರುವ ಏಫಿಡ್‌ಗಳು) ಎಳೆಯ ಹೂದಂಟಿಗೆ ಮುತ್ತುತ್ತವೆ. ದಂಟನ್ನೇ ಕತ್ತರಿಸಿ ಎಸೆದರೆ ಅರ್ಧ ಕೆಲಸ ಮುಗಿಯಿತು.

ಕೆಂಪು ನುಸಿ ಕೀಟವಲ್ಲ, ಎಂಟು ಕಾಲಿನ, ಜೇಡದ ಬಂಧು. ಅರ್ಧ ಮಿಲಿಮೀಟರ್ ಗಾತ್ರದ್ದು. ಬಿಳಿ ಕಾಗದದ ಮೇಲೆ ಗಿಡವನ್ನು ಮೆಲ್ಲಗೆ ತಟ್ಟಿದಾಗ ಉದುರಿದ ಚುಕ್ಕೆಗಳು ನಡೆದಾಡಿದರೆ ಅದೇ. ಬಿಸಿ, ಒಣ ಗಾಳಿಯಲ್ಲಿ ವಾರದೊಳಗೆ ಹೊಸ ಪೀಳಿಗೆ ಬರಬಹುದು, ಹಾಗಾಗಿ 4–5 ದಿನಗಳಿಗೊಮ್ಮೆ ನೀರಿನಿಂದ ರಭಸವಾಗಿ ತೊಳೆಯಿರಿ. ಎಲೆಗಳ ನಡುವೆ ನಿಂತ ನೀರನ್ನು ಕುಂಡ ಬಾಗಿಸಿ ಹೊರಹಾಕಿ, ಇಲ್ಲದಿದ್ದರೆ ಗಿಡ ಕೊಳೆಯುತ್ತದೆ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ನುಸಿಯನ್ನು ಕೊಲ್ಲುವುದಿಲ್ಲ.

ಲೋಳೆಸರದ ಎಲೆಯಂಚಿನಲ್ಲಿ, ಹೂದಂಟಿನಲ್ಲಿ ವಿಕಾರವಾದ ಗಂಟುಗಳೆದ್ದರೆ ಅದು ಬರಿಗಣ್ಣಿಗೆ ಕಾಣದ ಬೇರೊಂದು ನುಸಿಯ ಕೆಲಸ. ಗಂಟಿರುವ ಭಾಗವನ್ನು ಆರೋಗ್ಯವಂತ ಭಾಗದವರೆಗೂ ಕತ್ತರಿಸಿ ಚೀಲದಲ್ಲಿ ಮುಚ್ಚಿ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕುಂಡದ ಸುತ್ತ ಹಾರಾಡುವ ಸಣ್ಣ ಕಪ್ಪು ನೊಣಗಳಿಗೆ ಔಷಧಿಯೇ ಬೇಕಿಲ್ಲ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಕೊಡಿ. ತೇವವಿಲ್ಲದೆ ಮರಿಗಳು ಬದುಕವು. ಹಳದಿ ಅಂಟುಕಾಗದ ಬೆಳೆದು ಹಾರಾಡುವ ನೊಣಗಳನ್ನು ಹಿಡಿಯುತ್ತದೆ.

ಬೇವಿನ ಎಣ್ಣೆ ಯಾವಾಗ?

ಒಂದೊಂದಾಗಿ ತೆಗೆಯಲಾಗದಷ್ಟು ಹರಡಿದ್ದರೆ ಮಾತ್ರ. 5 ಮಿಲಿ ಬೇವಿನ ಎಣ್ಣೆಗೆ 1–2 ಮಿಲಿ ಮೃದುವಾದ ದ್ರವ ಸೋಪು ಕಲಸಿ, ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸೇರಿಸಿ ಅಂದೇ ಬಳಸಿ. ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ಕಾಯಿರಿ. ಜೇಡ್ ಮತ್ತು ಅದರ ಬಂಧುಗಳು ಎಣ್ಣೆ, ಸೋಪಿಗೆ ಬೇಗ ಸುಟ್ಟುಹೋಗುತ್ತವೆ. ಪುಡಿ ಹೊದಿಕೆಯ ಎಚೆವೇರಿಯಾಗೆ ಬೇಡವೇ ಬೇಡ. ಸಂಜೆ ಸಿಂಪಡಿಸಿ, ಎಣ್ಣೆ ಮೆತ್ತಿದ ಎಲೆಗೆ ಬಿಸಿಲು ಬೀಳದಿರಲಿ. ಬೇರಿನಿಂದ ಗಿಡದೊಳಗೆ ಸೇರುವ ಕೀಟನಾಶಕ ಕೊನೆಯ ದಾರಿ. ಹೂ ಬಿಟ್ಟ ಗಿಡಕ್ಕೆ ಹಾಕಿದರೆ ಜೇನುನೊಣ ಸಾಯಬಹುದು. ಲೋಳೆ ತೆಗೆದು ಬಳಸುವ ಲೋಳೆಸರಕ್ಕಂತೂ ಅದನ್ನು ಹಾಕಲೇಬಾರದು.

ಹೊಸ ಗಿಡ ತಂದರೆ ಎರಡು ಮೂರು ವಾರ ಬೇರೆಯೇ ಇಡಿ. ಸಾರಜನಕ ಹೆಚ್ಚಿರುವ ಗೊಬ್ಬರ ಕಡಿಮೆ ಮಾಡಿ. ಅದರಿಂದ ಬರುವ ಮೆತ್ತನೆಯ ಚಿಗುರು ರಸ ಹೀರುವ ಕೀಟಗಳಿಗೆ ಬಲು ಇಷ್ಟ.

ಇಷ್ಟೆಲ್ಲ ಮಾಡಿಯೂ ತಿಗಣೆ ಹೋಗದೆ ಗಿಡ ಪೂರ್ತಿ ಸೊರಗಿದ್ದರೆ ಕೀಟವಿಲ್ಲದ ತುದಿಯೊಂದನ್ನು ಕತ್ತರಿಸಿ ಚೆನ್ನಾಗಿ ತೊಳೆಯಿರಿ. ಗಾಯ ಒಣಗಿದ ಮೇಲೆ ಹೊಸ ಮಣ್ಣಿಗೆ ನೆಟ್ಟು, ಹಳೆಯ ಗಿಡವನ್ನು ಮಣ್ಣಿನ ಸಮೇತ ಎಸೆದುಬಿಡಿ.