ದಿನಕ್ಕೆ 2,000 ರೂಪಾಯಿಯಲ್ಲಿ ಮೂರು ದೇಶ: ದುಡ್ಡು ಸೋರುವುದು ಎಲ್ಲಿ?

ಬೆನ್ನಿಗೆ ಬ್ಯಾಗು ಏರಿಸಿ ದೇಶ ಸುತ್ತುವ ಹುಚ್ಚು ಮೈಸೂರಿನ ಹುಡುಗ ಹುಡುಗಿಯರಿಗೂ ಹಿಡಿದಿದೆ. ಖುಷಿಯ ವಿಷಯ. ಆದರೆ ಸರಸ್ವತಿಪುರಂನ ನಮ್ಮ ಬೀದಿಯಿಂದ ಹೋದ ಇಬ್ಬರು ಒಂದು ತಿಂಗಳಿಗೆಂದು ಕೂಡಿಟ್ಟ ದುಡ್ಡನ್ನು ಹದಿನೆಂಟೇ ದಿನಕ್ಕೆ ಮುಗಿಸಿ ಮನೆಗೆ ಫೋನ್ ಮಾಡಿದರು. ದುಂದುವೆಚ್ಚ ಮಾಡಿದವರಲ್ಲ ಪಾಪ. ಎಟಿಎಂ ಮುಂದೆ, ಗಡಿಯಲ್ಲಿ ಸ್ವಲ್ಪ ಸ್ವಲ್ಪವೇ ಸೋರಿಹೋಗಿತ್ತು.

ಮೊದಲು ಪಾಸ್‌ಪೋರ್ಟ್. ಇನ್ನೂ ಆರು ತಿಂಗಳು ಅವಧಿ ಇದೆಯಾ ನೋಡಿ, ಇಲ್ಲದಿದ್ದರೆ ಹೊಸದು ಮಾಡಿಸಿ.

ಆಮೇಲೆ ದಾರಿ. ಮೊದಲ ಸಲಕ್ಕೆ ನಾನು ಹೇಳುವುದು ಇದೊಂದೇ: ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ವಿಮಾನ, ಅಲ್ಲಿಂದ ರೈಲಿನಲ್ಲಿ ಲಾವೋಸ್, ಬಸ್ಸಿನಲ್ಲಿ ವಿಯೆಟ್ನಾಂ, ವಾಪಸ್ ವಿಮಾನ. ಬ್ಯಾಂಕಾಕ್‌ನಿಂದ ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ಗೆ 2024ರಿಂದ ನೇರ ರಾತ್ರಿ ರೈಲಿದೆ. ಮಲಗಿಕೊಂಡೇ ಹೋದರೆ ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯಿತು.

ವೀಸಾಕ್ಕೆ ಸರ್ಕಾರದ ವೆಬ್‌ಸೈಟಿಗೇ ಹೋಗಿ. ಥಾಯ್ಲೆಂಡಿನ ಡಿಜಿಟಲ್ ಆಗಮನ ಪತ್ರಕ್ಕೆ ಶುಲ್ಕವೇ ಇಲ್ಲ. ಅದಕ್ಕೂ ಡಾಲರ್ ಕೇಳುವ ನಕಲಿ ತಾಣಗಳಿವೆ, ಹುಷಾರು. ವಿಯೆಟ್ನಾಂ ಇ-ವೀಸಾದಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಎಂದು ಬರೆಯಬೇಕು. ವಿಮಾನ ನಿಲ್ದಾಣ ಅಂತ ಬರೆದು ಬಸ್ಸಿನಲ್ಲಿ ಹೋದರೆ ತೊಂದರೆ ಗ್ಯಾರಂಟಿ.

ಈಗ ದುಡ್ಡು. ಇಲ್ಲಿ ನಿಧಾನವಾಗಿ ಓದಿ.

ವಿಮಾನ, ವೀಸಾ, ವಿಮೆಯ ಖರ್ಚನ್ನು ಮೊದಲೇ ಬೇರೆ ತೆಗೆದಿಡಿ. 2,000 ರೂಪಾಯಿ ಅನ್ನುವುದು ಊಟ, ಹಾಸಿಗೆ, ಓಡಾಟಕ್ಕೆ ಮಾತ್ರ. ಮಲಗಲು ಹಾಸ್ಟೆಲಿನ ಡಾರ್ಮಿಟರಿ ಸಾಕು.

ಹೊರಡುವ ಮುಂಚೆ ಬ್ಯಾಂಕ್ ಆ್ಯಪ್ ತೆರೆದು ಕಾರ್ಡಿನಲ್ಲಿ 'ವಿದೇಶಿ ಬಳಕೆ' ಆನ್ ಮಾಡಿ. ಹೊಸ ಕಾರ್ಡುಗಳು ಭಾರತದೊಳಗೆ ಮಾತ್ರ ನಡೆಯುವ ಹಾಗೆ ಬರುತ್ತವೆ. ಇದು ಗೊತ್ತಿಲ್ಲದೆ ಬ್ಯಾಂಕಾಕ್‌ನಲ್ಲಿ ಕಾರ್ಡು ಹಾಳಾಗಿದೆ ಅಂದುಕೊಂಡವರನ್ನು ನೋಡಿದ್ದೇನೆ.

ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ ಸುಮಾರು 220 ಬಾತ್ ಕೀಳುತ್ತವೆ, ನಮ್ಮ 500 ರೂಪಾಯಿಗೂ ಮೇಲೆ. ಸಾವಿರ ತೆಗೆದರೂ ಅಷ್ಟೇ, ಹತ್ತು ಸಾವಿರ ತೆಗೆದರೂ ಅಷ್ಟೇ. ಹಾಗಾಗಿ ವಾರಕ್ಕೆ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. ಕೊನೆಯಲ್ಲಿ ಯಂತ್ರ ರೂಪಾಯಿಯ ಲೆಕ್ಕ ತೋರಿಸಿ ಒಪ್ಪಿಗೆ ಕೇಳುತ್ತದೆ. ನಮ್ಮ ದುಡ್ಡಿನಲ್ಲಿ ಕಂಡಿತಲ್ಲ ಎಂದು ಒತ್ತಿಬಿಡಬೇಡಿ. ಅದು ಆ ಬ್ಯಾಂಕು ತನಗೆ ಬೇಕಾದ ಹಾಗೆ ಕಟ್ಟಿದ ದರ. 'ಪರಿವರ್ತನೆ ಬೇಡ' ಅನ್ನುವ ಗುಂಡಿ ಒತ್ತಿ. ದುಡ್ಡು ಬಂದೇ ಬರುತ್ತದೆ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗಲೂ ಇದೇ ಪ್ರಶ್ನೆ, ಇದೇ ಉತ್ತರ.

ಗಡಿಯ ಶುಲ್ಕಕ್ಕೆ ಸ್ವಲ್ಪ ಡಾಲರ್ ಇಟ್ಟುಕೊಳ್ಳಿ, ಆದರೆ ಗರಿಗರಿ ನೋಟೇ ಇರಲಿ. ಒಂದು ಗಡಿಯಲ್ಲಿ ನನ್ನ 20 ಡಾಲರ್ ನೋಟನ್ನು ಬೆಳಕಿಗೆ ಹಿಡಿದು ವಾಪಸ್ ತಳ್ಳಿದರು. ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತು, ಅಷ್ಟೇ.

ಇನ್ನು ವಿಯೆಟ್ನಾಂ ಡಾಂಗ್. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ, ಎರಡರಲ್ಲೂ ಹೋ ಚಿ ಮಿನ್ ಮುಖ. ರಾತ್ರಿ ಮಬ್ಬು ಬೆಳಕಲ್ಲಿ ಕಾಫಿಗೆ ಚಿಕ್ಕದರ ಬದಲು ದೊಡ್ಡದು ಕೊಟ್ಟರೆ ಒಂದು ದಿನದ ಬಜೆಟ್ ಹೆಚ್ಚುಕಮ್ಮಿ ಪೂರ್ತಿ ಹೋಯಿತು. ದೊಡ್ಡ ನೋಟನ್ನು ಸೊಂಟದ ಚೀಲದಲ್ಲಿ ಬೇರೆಯೇ ಇಡಿ, ಕೊಡುವಾಗ ಸೊನ್ನೆ ಎಣಿಸಿ. ಲಾವೋಸಿನ ಕಿಪ್ ಉಳಿದಿದ್ದರೆ ಗಡಿ ದಾಟುವ ಮುಂಚೆಯೇ ಖರ್ಚು ಮಾಡಿ ಇಲ್ಲವೇ ಬದಲಾಯಿಸಿ. ಹೊರಗೆ ಅದನ್ನು ಕೇಳುವವರಿಲ್ಲ.

ಬ್ಯಾಗು ಏಳು ಕಿಲೋ ಒಳಗಿರಲಿ, ಅಗ್ಗದ ವಿಮಾನಗಳಲ್ಲಿ ಕೈಸಾಮಾನಿಗೆ ಅಷ್ಟೇ ಜಾಗ. ಚಕ್ರದ ಸೂಟ್‌ಕೇಸ್ ಬೇಡವೇ ಬೇಡ. ಫುಟ್‌ಪಾತ್‌ನಲ್ಲಿ ಸಿಗುವ ಥಳುಕಿನ ಬ್ಯಾಗುಗಳ ಜಿಪ್ಪು ಎರಡನೇ ವಾರಕ್ಕೇ ಕೈಕೊಡುತ್ತದೆ. ಕೊಳ್ಳುವಾಗ ತುಂಬಿಸಿ ಎಳೆದು ನೋಡಿ.

ಸಸ್ಯಾಹಾರಿಗಳು ವಿಯೆಟ್ನಾಂನಲ್ಲಿ 'ಚಾಯ್', ಥಾಯ್ಲೆಂಡಿನಲ್ಲಿ 'ಜೇ' ಎಂಬ ಪದ ಕಲಿಯಿರಿ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಒಳಗೆ ಹೋಗಿ. ಜೊತೆಗೆ ಅರ್ಧ ಕಿಲೋ ಹುರಿದ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಳ್ಳಿ. ಅಮ್ಮ ಜಾಸ್ತಿ ತುಂಬಿಸಲು ಬಂದರೆ ಏಳು ಕಿಲೋ ಲೆಕ್ಕ ಹೇಳಿ.