ಮಫಿನ್ ಅಚ್ಚಿನಿಂದ ಪಂಪಿನ ಸೀಲ್: ನನ್ನ ಅನುಭವ

ಮನೆಯಲ್ಲಿ ಮಾಡಿದ ಶಿಶ್ನ ಪಂಪಿಗೆ (ಗಾಳಿ ಹೀರಿ ನಿಮಿರಿಸುವ ಸಾಧನ) ನೋಯದ ಸೀಲ್, ಅಂದರೆ ಕೊಳವೆಯ ಬಾಯಿಗೂ ಮೈಗೂ ನಡುವೆ ಗಾಳಿ ಸೋರದಂತೆ ತಡೆಯುವ ಅಂಚು, ಕೂರುವುದೇ ಇಲ್ಲ, ದುಡ್ಡು ಕೊಟ್ಟು ತಂದದ್ದೇ ಗತಿ ಎಂದವರೇ ಹೆಚ್ಚು. ಕೂರುತ್ತದೆ. ಕೊಳವೆ 50 ಮಿ.ಮೀ. ಹೊರವ್ಯಾಸದ, 3 ಮಿ.ಮೀ. ದಪ್ಪದ ಅಕ್ರಿಲಿಕ್. ಪಂಪು ಗಾಡಿಯ ಬ್ರೇಕ್ ಬ್ಲೀಡಿಂಗಿಗೆ (ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ತೆಗೆಯಲು) ಬಳಸುವ ಗೇಜ್ ಇರುವ ಕೈಪಂಪು. ನಡುವೆ ಮೆಡಿಕಲ್ ಶಾಪಿನ, ಮೂರು ದಾರಿಯ ಸಣ್ಣ ನಲ್ಲಿಯಂಥ ತ್ರೀ-ವೇ ಸ್ಟಾಪ್‌ಕಾಕ್. ತಿರುಗಿಸಿದ ತಕ್ಷಣ ಗಾಳಿ ಒಳಬರಬೇಕು. ಎಲ್ಲ ಸೇರಿ ಎರಡು ಸಾವಿರದ ಆಸುಪಾಸು.

ದುಡ್ಡು ಹಾಳಾದದ್ದು ಸೀಲಿನಲ್ಲೇ. ಬರೀ ಅಂಚನ್ನು 220ರಿಂದ 1200 ನಂಬರಿನವರೆಗೆ ನೀರುಕಾಗದದಲ್ಲಿ (ನೀರು ಹಾಕಿ ಉಜ್ಜುವ ಮರಳುಕಾಗದ) ಉಜ್ಜಿದರೆ ನುಣುಪಾಗುತ್ತದೆ, ಆದರೆ ಮೂಳೆಯ ಮೇಲೆ ಒತ್ತಿ ಬಳೆಯಂತೆ ಗುರುತು ಬೀಳುತ್ತದೆ. ಫೋಮ್ ಅಂಟಿಸಿದರೆ ಜೋಡಣೆಯಲ್ಲಿ ಸೋರುತ್ತದೆ. ಕಿಟಕಿ ಗಾಜಿಗೆ ಹಾಕುವ ಸಿಲಿಕೋನ್ ಸೀಲಂಟ್ ಅಂತೂ ಬೇಡವೇ ಬೇಡ. ದಿನಕ್ಕೆ ಎರಡು-ಮೂರು ಮಿ.ಮೀ. ಮಾತ್ರ ಒಣಗುತ್ತದೆ, ಮೇಲೆ ಗಟ್ಟಿ, ಒಳಗೆ ಹಸಿ, ವಿನೆಗರ್ ವಾಸನೆ, ಚರ್ಮಕ್ಕೆ ಉರಿ. ಎರಡು ಭಾಗ ಬೆರೆಸುವ ಪ್ಲಾಟಿನಂ ಸಿಲಿಕೋನ್ ಒಳ್ಳೆಯ ಮಾಲು. ಅದನ್ನು ಗಂಧಕ ಇರುವ ಜೇಡಿಯಚ್ಚಿನಲ್ಲಿ ಸುರಿದದ್ದರಿಂದ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಿತು. ಒಂಬೈನೂರು ನೀರಿಗೆ ಹೋಯಿತು.

ಗೆದ್ದದ್ದು ಎರಡು ಪದರ. ಮೊದಲು ಅಕ್ವೇರಿಯಂ ಗಾಳಿಯ ಸಿಲಿಕೋನ್ ನಳಿಕೆಯನ್ನು ಸುಮಾರು 15 ಸೆಂ.ಮೀ. ಕತ್ತರಿಸಿ, ಉದ್ದಕ್ಕೂ ಸೀಳಿ ಕೊಳವೆಯ ಅಂಚಿಗೆ ತೊಡಿಸಿ. ಎರಡು ಮಿ.ಮೀ. ಹೆಚ್ಚಿಗೇ ಇರಲಿ, ತುದಿಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ. ಇದು ಮೆತ್ತೆ. ಮೇಲೆ ಬೇಕರಿ ಸಾಮಾನಿನಂಗಡಿಯ ಸಿಲಿಕೋನ್ ಮಫಿನ್ ಅಚ್ಚು, ತಳ ಹೊರಮುಖವಾಗಿ. ಗೋಡೆ ನಯವಾಗಿರಬೇಕು, ನೆರಿಗೆಯದು ಸೋರುತ್ತದೆ. ತಳ 4.5 ಸೆಂ.ಮೀ. ಇರುವುದನ್ನೇ ಹಿಗ್ಗಿಸಿ ಹಾಕಿ. 5ರದು ಕೊಳವೆಯ ಮೇಲೆ ಸುಕ್ಕು ಬೀಳುತ್ತದೆ. ಸೈಕಲ್ ಟ್ಯೂಬನ್ನು ಅಡ್ಡಕ್ಕೆ ಕತ್ತರಿಸಿದ ಎರಡು ಸೆಂ.ಮೀ. ಬಳೆಯಿಂದ ಬಿಗಿ ಮಾಡಿ.

ಅಚ್ಚಿನ ತಳದಲ್ಲಿ ಶಿಶ್ನ ಹೋಗಲು ಮಾಡುವ ತೂತಿಗೆ ಕತ್ತರಿ ಮುಟ್ಟಿಸಬೇಡಿ. ಕತ್ತರಿ ಬಿಟ್ಟ ಸಣ್ಣ ಕಚ್ಚಿನಿಂದಲೇ ಸಿಲಿಕೋನ್ ಸೀಳುತ್ತಾ ಹೋಗುತ್ತದೆ. ತುದಿ ಮಸೆದ ಉಕ್ಕಿನ ಪೈಪನ್ನು ಮರದ ಹಲಗೆಯ ಮೇಲೆ ಒತ್ತಿ ತಿರುಗಿಸಿದರೆ ಗುಂಡಗೆ ಬರುತ್ತದೆ. 30 ಮಿ.ಮೀ.ನಿಂದ ಶುರುಮಾಡಿ, ನಿಮಿರಿದಾಗ ಬಿಗಿದು ಹಿಡಿದರೆ ಎರಡೆರಡು ಮಿ.ಮೀ. ಹೆಚ್ಚಿಸಿ. ಹಿಂದಿನ ಅಚ್ಚು ಹಾಳು, ಹೊಸತು ಬೇಕು. ಆರರ ಸೆಟ್ಟು ಇನ್ನೂರೈವತ್ತಕ್ಕೆ ಸಿಗುವುದು ಇಲ್ಲಿ ಅನುಕೂಲ. ಅಂಡಚೀಲದ ಚರ್ಮ ಒಳಗೆಳೆಯದಂತೆ ತೂತನ್ನು ನಡುವಿನಿಂದ ಎಷ್ಟು ಸರಿಸಬೇಕು ಎಂಬ ಲೆಕ್ಕ ನನ್ನ ಹತ್ತಿರವೇ ಇರಲಿ. ಅವರವರ ಮೈಗೆ ನೋಡಿಕೊಂಡರೆ ಹೊಳೆಯುತ್ತದೆ.

ಸೋರಿಕೆ ಹುಡುಕಲು ಸಾಬೂನು ನೀರು ಬಳಿದು ಪಂಪು ಹೊಡೆದರೆ ಏನೂ ಕಾಣದು, ನೊರೆ ಒಳಗೆ ಹೋಗುತ್ತದೆ. ಕೊಳವೆಯ ಬಾಯಿ ಮುಚ್ಚಿ, ಪಂಪಿನ ಕಡೆಯ ನಳಿಕೆಯಿಂದ ಊದಿ, ಗುಳ್ಳೆ ಎದ್ದಲ್ಲಿ ಗುರುತು ಹಾಕಿ. ಆಮೇಲೆ ತೊಡೆಗೆ ಒತ್ತಿ ಗೇಜಿನಲ್ಲಿ 5 ಇಂಚಿಗೆ (ಪಾದರಸದ ಇಂಚು, ಹೀರುವಿಕೆಯ ಅಳತೆ) ತನ್ನಿ. ನಿಮಿಷಕ್ಕೆ ಅರ್ಧ ಇಂಚು ಇಳಿದರೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚು ಇಳಿದರೆ ಮುಕ್ಕಾಲು ಪಾಲು ಕೂದಲಿನದೇ ಕಾಟ, ಬುಡಕ್ಕೆ ಟ್ರಿಮ್ ಮಾಡಿ. ನೀರಿನಾಂಶದ ಜೆಲ್ ಅಂಚಿಗೂ ಚರ್ಮಕ್ಕೂ ಧಾರಾಳವಾಗಿರಲಿ. ಒಣಗಿದರೆ ಹನಿ ನೀರು ಸಾಕು. ಸಿಲಿಕೋನ್ ಜೆಲ್ ಅಚ್ಚನ್ನು ಉಬ್ಬಿಸುತ್ತದೆ, ಕೊಬ್ಬರಿ ಎಣ್ಣೆ ಟ್ಯೂಬಿನ ಬಳೆಯನ್ನು ಸಡಿಲ ಮಾಡುತ್ತದೆ.

ಬಳಸುವಾಗ ಮೊದಲು 3 ಇಂಚು, ಎರಡು ನಿಮಿಷ, ಬಿಡಿ. ಮತ್ತೆ 5, ಅಂದರೆ ಸುಮಾರು 127 ಮಿ.ಮೀ. ಪಾದರಸ. ಸೀಲ್ ಚೆನ್ನಾಗಿದ್ದರೆ 7 ದಾಟುವ ಅಗತ್ಯವೇ ಬೀಳದು. ದಾಟಿದರೆ ಕೆಂಪು ಚುಕ್ಕೆ ಏಳುತ್ತವೆ. ನಿಮಿರಿದ್ದು ಉಳಿಯಲೆಂದು ಬುಡಕ್ಕೆ ರಬ್ಬರ್ ರಿಂಗ್ ಹಾಕುವವರು ಅರ್ಧ ಗಂಟೆಯೊಳಗೆ ತೆಗೆಯಲೇಬೇಕು, ಲೋಹದ ಬಳೆ ಕೂಡದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ತೊಳೆಯಲು ಸಾಬೂನು, ಉಗುರುಬೆಚ್ಚಗಿನ ನೀರು. ಸ್ಯಾನಿಟೈಸರ್ ಅಥವಾ ಸ್ಪಿರಿಟ್ ತಾಗಿದರೆ ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂಥ ಬಿರುಕು ಏಳುತ್ತದೆ. ಅಂಥ ಕೊಳವೆಗೆ ಮತ್ತೆ ಪಂಪು ಹಾಕಬೇಡಿ.